ಬೆಂಕಿ ಆರಿದ ಮೇಲಿನ ಅಪಾಯ

ತೀವ್ರ ಸುಟ್ಟಗಾಯಗಳಾಗಿ ಆಸ್ಪತ್ರೆ ಸೇರಿದವರು ಮೊದಲ ಎರಡು ಮೂರು ದಿನ ಕಳೆದರೆ ಮನೆಯವರು ನೆಮ್ಮದಿಯ ಉಸಿರು ಬಿಡುತ್ತಾರೆ. ವೈದ್ಯರ ಆತಂಕ ಹೆಚ್ಚುವುದು ಆಗಲೇ. ಬೆಂಕಿಯ ಆಘಾತದಿಂದ ಪಾರಾದ ಅನೇಕರು ಮುಂದಿನ ವಾರಗಳಲ್ಲಿ ಸೋಂಕಿಗೆ ಬಲಿಯಾಗುತ್ತಾರೆ. ಭಾರತದಲ್ಲಿ ಪ್ರತಿವರ್ಷ 10 ಲಕ್ಷಕ್ಕೂ ಅಧಿಕ ಮಂದಿ ಸಾಧಾರಣ ಇಲ್ಲವೇ ತೀವ್ರ ಸುಟ್ಟಗಾಯಗಳಿಗೆ ತುತ್ತಾಗುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದ್ದರಿಂದ ಇದು ತಜ್ಞರಿಗಷ್ಟೇ ಸಂಬಂಧಿಸಿದ ವಿಷಯವಲ್ಲ.

ಸೋಂಕು ಎಂದೊಡನೆ ನೆನಪಾಗುವುದು ಕೀವುಗಟ್ಟಿದ ಗಾಯ ಮತ್ತು ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾ. ಶ್ವಾಸಕೋಶಕ್ಕೆ ಲಗ್ಗೆಯಿಡುವ ವೈರಾಣುಗಳತ್ತ ಗಮನ ಹರಿಯುವುದು ಕಡಿಮೆ. ಹರ್ಪಿಸ್ ಸಿಂಪ್ಲೆಕ್ಸ್ ಮತ್ತು ಸೈಟೊಮೆಗಾಲೊ ವೈರಾಣುಗಳು ಒಮ್ಮೆ ದೇಹ ಹೊಕ್ಕರೆ ಜೀವನಪರ್ಯಂತ ಅಲ್ಲಿಯೇ ಸುಪ್ತವಾಗಿ ಉಳಿಯುತ್ತವೆ. ಆರೋಗ್ಯವಂತರಲ್ಲಿ ರೋಗನಿರೋಧಕ ಶಕ್ತಿ ಅವುಗಳನ್ನು ಹತೋಟಿಯಲ್ಲಿಡುತ್ತದೆ. ದೇಹದ ಬಹುಭಾಗ ಸುಟ್ಟಾಗ ಈ ಕಾವಲು ಸಡಿಲಗೊಂಡು, ಮಲಗಿದ್ದ ವೈರಾಣು ಏಳುತ್ತದೆ.

ಹೊಗೆ ಸೇವಿಸಿದವರ ಸ್ಥಿತಿ ಇನ್ನೂ ಸೂಕ್ಷ್ಮ. 1942ರಲ್ಲಿ ಅಮೆರಿಕದ ಬಾಸ್ಟನ್ನಿನ ಕೋಕೋನಟ್ ಗ್ರೋವ್ ನೈಟ್‌ಕ್ಲಬ್ ಬೆಂಕಿಗೆ 492 ಮಂದಿ ಬಲಿಯಾದಾಗ, ಹೊಗೆಯಿಂದಾಗುವ ಶ್ವಾಸಕೋಶದ ಹಾನಿ ಎಷ್ಟು ಮಾರಕವೆಂಬುದು ವೈದ್ಯಲೋಕಕ್ಕೆ ಮನದಟ್ಟಾಯಿತು. ಹೊಗೆಯು ಶ್ವಾಸನಾಳದ ಒಳಪದರವನ್ನೂ ಕಫವನ್ನು ಹೊರದೂಡುವ ಸೂಕ್ಷ್ಮ ರೋಮಗಳನ್ನೂ ಹಾಳುಗೆಡವುತ್ತದೆ. ಉಸಿರಾಟಕ್ಕೆ ಕೊಳವೆ ಹಾಕಿದ ಮೇಲಂತೂ, ಬಾಯಿ ಗಂಟಲುಗಳಲ್ಲಿ ಎಚ್ಚೆತ್ತ ಹರ್ಪಿಸ್ ವೈರಾಣು ಶ್ವಾಸಕೋಶಕ್ಕೆ ಇಳಿಯುವುದು ಸುಲಭ.

ಇದನ್ನು ಗುರುತಿಸುವುದೇ ಕಷ್ಟ. ಜ್ವರ, ಏರಿದ ನಾಡಿಬಡಿತ, ವೇಗದ ಉಸಿರಾಟಗಳು ಸುಟ್ಟಗಾಯದಿಂದಲೇ ಬರಬಹುದು. ಎಕ್ಸ್‌ರೇಯಲ್ಲಿ ಕಾಣುವ ನೆರಳು ರೋಗಾಣು ಯಾವುದೆಂದು ಹೇಳದು. ಹೀಗಾಗಿ ಒಂದರ ಮೇಲೊಂದರಂತೆ ಪ್ರತಿಜೀವಕಗಳನ್ನು ಬದಲಿಸುತ್ತ ಹೋಗುವ ಅಪಾಯವಿದೆ. ಅವು ವೈರಾಣುವನ್ನು ಕೊಲ್ಲುವುದಿಲ್ಲ. ಬದಲಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಗೆ ಅನುಕೂಲ ಮಾಡಿಕೊಡುತ್ತವೆ. ಶ್ವಾಸಕೋಶದಿಂದ ತೆಗೆದ ದ್ರವದ ಪಿಸಿಆರ್ ಪರೀಕ್ಷೆ ವೈರಾಣುವಿನ ಸುಳಿವು ನೀಡಬಲ್ಲದು.

ಆದರೆ ವೈರಾಣು ಸಿಕ್ಕಿತೆಂಬ ಮಾತ್ರಕ್ಕೆ ರೋಗಕ್ಕೆ ಅದೇ ಕಾರಣವೆನ್ನಲಾಗದು. ವೆಂಟಿಲೇಟರ್ ನೆರವಿನಲ್ಲಿದ್ದು ಗಂಟಲಿನಲ್ಲಿ ಹರ್ಪಿಸ್ ಕಂಡುಬಂದ ರೋಗಿಗಳಿಗೆ ಮುನ್ನೆಚ್ಚರಿಕೆಯಾಗಿ ಅಸೈಕ್ಲೊವಿರ್ ನೀಡಿದ ಫ್ರಾನ್ಸಿನ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ವೆಂಟಿಲೇಟರ್ ಅವಲಂಬನೆಯ ದಿನಗಳು ಅದರಿಂದ ಕಡಿಮೆಯಾಗಲಿಲ್ಲ. ಅಸೈಕ್ಲೊವಿರ್ ಮೂತ್ರಪಿಂಡಕ್ಕೂ, ಸೈಟೊಮೆಗಾಲೊ ವೈರಾಣುವಿಗೆ ಬಳಸುವ ಗ್ಯಾನ್ಸಿಕ್ಲೊವಿರ್ ಅಸ್ಥಿಮಜ್ಜೆಗೂ ತೊಂದರೆ ಕೊಡಬಹುದು. ಪರೀಕ್ಷೆಯ ಜೊತೆಗೆ ಅನುಭವಿ ವೈದ್ಯರ ವಿವೇಚನೆಯೂ ಬೇಕೆನ್ನುವುದು ಇದಕ್ಕಾಗಿಯೇ.

ಪರೀಕ್ಷಾ ಸೌಲಭ್ಯ ನಮಗೆ ಎಟುಕದ್ದೇನಲ್ಲ. ಕೋವಿಡ್ ಕಾಲದಲ್ಲಿ ರಾಜ್ಯದ ಜಿಲ್ಲೆಗಳಲ್ಲಿ ಪಿಸಿಆರ್ ಪ್ರಯೋಗಾಲಯಗಳು ತಲೆಯೆತ್ತಿದವು. ಆ ಯಂತ್ರಗಳನ್ನೂ ತರಬೇತಾದ ಸಿಬ್ಬಂದಿಯನ್ನೂ ಸುಟ್ಟಗಾಯದ ವಾರ್ಡುಗಳ ನೆರವಿಗೆ ಬಳಸಿಕೊಳ್ಳಲು ಸರ್ಕಾರ ಮನಸ್ಸು ಮಾಡಬೇಕು.

ಕುಟುಂಬದವರ ಹೊಣೆಯೂ ಇದೆ. ಫ್ಲೂ, ಕೋವಿಡ್‌ನಂತಹ ವೈರಾಣುಗಳು ಹೊರಗಿನಿಂದಲೂ ಬರುತ್ತವೆ. ಆಸ್ಪತ್ರೆ ಸೇರಿದವರನ್ನು ಹಣ್ಣುಹಂಪಲು ಹಿಡಿದು ನೋಡಿಬರುವುದು ನಮ್ಮಲ್ಲಿ ಸೌಜನ್ಯವೆನಿಸಿದೆ. ನೆಗಡಿ, ಕೆಮ್ಮು ಇದ್ದವರು, ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಎದ್ದವರು ಸುಟ್ಟಗಾಯದ ರೋಗಿಯ ಬಳಿಗೆ ಹೋಗದಿರುವುದೇ ಅದಕ್ಕಿಂತ ದೊಡ್ಡ ಸೌಜನ್ಯ. ಸಿಬ್ಬಂದಿ ಒಳಗೆ ಬಿಡದಿದ್ದರೆ ಅವರ ಮೇಲೆ ಮುನಿಯುವುದು ಬೇಡ. ಬಾಗಿಲಲ್ಲಿ ನಮ್ಮನ್ನು ತಡೆದ ಆ ಕೈ ಒಳಗೆ ಮಲಗಿರುವ ನಮ್ಮವರ ಉಸಿರನ್ನೇ ಕಾಯುತ್ತಿರುತ್ತದೆ.