ಫುಟ್‌ಬಾಲ್ ಟ್ರಯಲ್‌ಗೆ ಮಗುವನ್ನ ತಯಾರು ಮಾಡೋದು: ನಾನು ತಪ್ಪು ಮಾಡಿ ಕಲಿತದ್ದು

ಕಳೆದ ವರ್ಷ ಇಲ್ಲೇ ಪುಣೆಯಲ್ಲಿ ಮಗನನ್ನ ಅಂಡರ್-12 ಟ್ರಯಲ್‌ಗೆ ಕರ್ಕೊಂಡು ಹೋಗಿದ್ದೆ. ಹಿಂದಿನ ದಿನ ಹೊಸ ಸ್ಟಡ್ಸ್ ಕೊಡಿಸಿದೆ. ಬೆಳಿಗ್ಗೆ ಹೊರಡೋ ಮುಂಚೆ ಎರಡು ದೋಸೆ ಜಾಸ್ತಿ ತಿನ್ನಿಸಿದೆ. ಆಮೇಲೆ ಲೈನ್ ಪಕ್ಕ ನಿಂತು "ಶೂಟ್ ಮಾಡೋ!" ಅಂತ ಕೂಗಿದೆ. ಕೂಗಿದಾಗಲೆಲ್ಲ ಅವನು ಚೆಂಡು ಬಿಟ್ಟು ನನ್ನ ಮುಖ ನೋಡ್ತಿದ್ದ. ಲಿಸ್ಟಲ್ಲಿ ಹೆಸರು ಬರಲಿಲ್ಲ. ವಾಪಸ್ ಬರುವಾಗ ಕಾರಲ್ಲಿ ಕೇಳಿದ್ದು ಒಂದೇ ಮಾತು: "ಅಪ್ಪಾ, ನಂಗೆ ಆಡೋಕೆ ಬರಲ್ವಾ?"

ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ಗೊತ್ತಾದ ಮೊದಲ ವಿಷಯ, ಹುಟ್ಟಿದ ತಿಂಗಳು. ನಮ್ಮಲ್ಲಿ ವಯಸ್ಸಿನ ಗುಂಪನ್ನ ಸಾಮಾನ್ಯವಾಗಿ ಜನವರಿ 1ರಿಂದ ಲೆಕ್ಕ ಹಾಕ್ತಾರೆ. ನನ್ನ ಮಗ ನವೆಂಬರ್‌ನವನು. ಅಂದರೆ ಅದೇ ಗುಂಪಿನ ಜನವರಿ ಹುಡುಗ ಅವನಿಗಿಂತ ಹತ್ತು ತಿಂಗಳು ದೊಡ್ಡವನು. ಎತ್ತರ, ವೇಗ ಎರಡರಲ್ಲೂ ಅದು ಕಾಣುತ್ತೆ. ಎಷ್ಟೋ ದೇಶಗಳಲ್ಲಿ ಹೀಗೆ ವರ್ಷದ ಆರಂಭದಲ್ಲಿ ಹುಟ್ಟಿದವರೇ ಹೆಚ್ಚು ಆಯ್ಕೆ ಆಗ್ತಾರೆ. ಇಂಗ್ಲೆಂಡಲ್ಲಿ ಈ ಲೆಕ್ಕ ಸೆಪ್ಟೆಂಬರ್‌ನಿಂದ ಶುರು. ಜುಲೈ 1993ರಲ್ಲಿ ಹುಟ್ಟಿದ ಹ್ಯಾರಿ ಕೇನ್ ಅಲ್ಲಿ ಗುಂಪಿನ ಕಿರಿಯರಲ್ಲೊಬ್ಬ. ಚಿಕ್ಕವನಿದ್ದಾಗ ಆರ್ಸೆನಲ್ ಅವನನ್ನ ಕೈಬಿಟ್ಟಿತ್ತು. 2023ರಲ್ಲಿ ಅವನೇ ಇಂಗ್ಲೆಂಡ್ ಪರ ಅತಿ ಹೆಚ್ಚು ಗೋಲು ಹೊಡೆದವನಾದ. ಹಾಗಂತ ನಮ್ಮ ಮಕ್ಕಳೆಲ್ಲ ಕೇನ್ ಆಗ್ತಾರೆ ಅಂತಲ್ಲ. ಆ ಒಂದು ದಿನದ ಲಿಸ್ಟ್ ಕೊನೆಯ ತೀರ್ಪಲ್ಲ, ಅಷ್ಟೇ.

ಎರಡನೇದು, ಕೋಚ್ ಏನು ನೋಡ್ತಾರೆ? ಬರೀ ಗೋಲಲ್ಲ. ಬಂದ ಚೆಂಡನ್ನ ಮೊದಲ ಸ್ಪರ್ಶದಲ್ಲೇ ಹಿಡಿತಕ್ಕೆ ತಗೋತಾನಾ, ಪಾಸ್ ಬರೋ ಮುಂಚೆ ತಲೆ ಎತ್ತಿ ಸುತ್ತ ನೋಡ್ತಾನಾ, ಚೆಂಡು ಕಳ್ಕೊಂಡ ಮೇಲೆ ನಿಂತುಬಿಡ್ತಾನಾ ಅಥವಾ ಹಿಂದೆ ಓಡ್ತಾನಾ. ಇವು ಮೂರನ್ನೂ ಮನೆ ಹತ್ತಿರವೇ ಕಲಿಸಬಹುದು. ನಾವು ಅಪಾರ್ಟ್‌ಮೆಂಟ್ ಪಾರ್ಕಿಂಗ್ ಗೋಡೆಗೆ ದಿನಾ ಹದಿನೈದು ನಿಮಿಷ ಎರಡೂ ಕಾಲಲ್ಲಿ ಪಾಸ್ ಹೊಡೀತೀವಿ. ಕೆಲವು ಸಲ ನಾನು ಅವನ ಹಿಂದೆ ನಿಂತು ಬೆರಳು ತೋರಿಸ್ತೀನಿ. ಚೆಂಡು ಮುಟ್ಟೋ ಮುಂಚೆ ತಿರುಗಿ ನೋಡಿ ಎಷ್ಟು ಅಂತ ಹೇಳಬೇಕು.

ಇನ್ನು ಸಣ್ಣಪುಟ್ಟ ವಿಷಯ. ಹೊಸ ಶೂ ಎರಡು ವಾರ ಮೊದಲೇ ಹಾಕಿಸಿ, ಇಲ್ಲಾಂದ್ರೆ ಬೊಬ್ಬೆ ಗ್ಯಾರಂಟಿ. 8ರಿಂದ 12 ವರ್ಷದವರಿಗೆ ಸಾಮಾನ್ಯವಾಗಿ ಸೈಜ್ 4 ಚೆಂಡು, ಆಮೇಲೆ ಸೈಜ್ 5; ಟ್ರಯಲ್‌ಗೆ ಯಾವುದು ಅಂತ ಮೊದಲೇ ಕೇಳಿ. ಊಟ ಎರಡು ಮೂರು ಗಂಟೆ ಮುಂಚೆ ಮುಗಿದಿರಲಿ. ಜನನ ಪ್ರಮಾಣಪತ್ರ, ನೀರಿನ ಬಾಟಲಿ, ಶಿನ್ ಗಾರ್ಡ್ ರಾತ್ರಿಯೇ ಬ್ಯಾಗಿಗೆ ಹಾಕಿ.

ಈ ಭಾನುವಾರ ಮತ್ತೆ ಟ್ರಯಲ್ ಇದೆ. ನಾನು ಗೇಟ್ ಹತ್ತಿರ ಚಹಾ ಕುಡೀತಾ ನಿಂತಿರ್ತೀನಿ, ಬಾಯಿ ಮುಚ್ಕೊಂಡು. ವಾಪಸ್ ಬರುವಾಗ ಸೆಲೆಕ್ಟ್ ಆದ್ಯಾ ಅಂತ ನಾನಾಗಿ ಕೇಳಲ್ಲ. "ಆಡಿದ್ದು ಮಜಾ ಬಂತಾ?" ಅಂತ ಕೇಳ್ತೀನಿ. ಕಳೆದ ವರ್ಷ ಕೇಳಬೇಕಿದ್ದದ್ದೂ ಅದೇ.