ಕೂಳೆ ಮೇಯುವ ಆಕಳಿಗೆ ತೌಡು ಸಾಕೇ?

ಕಾರಟಗಿ ಸುತ್ತಲಿನ ಗದ್ದೆಗಳಲ್ಲಿ ಭತ್ತದ ಕಟಾವು ಮುಗಿದರೆ ದನಗಳನ್ನು ಕೂಳೆಗೆ ಬಿಡುತ್ತಾರೆ. ಸಂಜೆ ಮನೆಗೆ ಬಂದ ಮೇಲೆ ಒಂದಿಷ್ಟು ಭತ್ತದ ಹುಲ್ಲು, ಜೊತೆಗೆ ಒಂದು ಪುಟ್ಟಿ ತೌಡು. ಅಕ್ಕಿ ಗಿರಣಿಗಳ ಊರಿನಲ್ಲಿ ತೌಡಿಗೆ ಕೈ ಹೋಗುವುದು ಸಹಜ. ಆದರೆ ಪೂರಕ ಆಹಾರ ಆರಿಸುವಾಗ ಕೇಳಬೇಕಾದ ಪ್ರಶ್ನೆ, ಊರಿನಲ್ಲಿ ಏನು ಅಗ್ಗ ಎಂಬುದಲ್ಲ. ಮೇವಿನಲ್ಲಿ ಯಾವುದು ಎಲ್ಲಕ್ಕಿಂತ ಮೊದಲು ಕೊರತೆ ಬೀಳುತ್ತದೆ ಎಂಬುದು. ಭತ್ತದ ಹುಲ್ಲಿನ ಮಟ್ಟಿಗೆ ಆ ಕೊರತೆ ಸಾರಜನಕದ್ದು, ಅಂದರೆ ಪ್ರೋಟೀನಿನದು. ಒಣಹುಲ್ಲಿನಲ್ಲಿ ಪ್ರೋಟೀನು ಶೇಕಡಾ 3-4ರಷ್ಟಿದ್ದರೆ ಹೆಚ್ಚು. ಒಟ್ಟು ಆಹಾರದಲ್ಲಿ ಅದು ಸುಮಾರು 7ಕ್ಕಿಂತ ಕೆಳಗಿಳಿದರೆ ಜೀರ್ಣಕ್ರಿಯೆಯೇ ಮಂದವಾಗಿ, ಎದುರಿಗೆ ಹುಲ್ಲಿನ ಬಣವೆ ಇದ್ದರೂ ದನ ಬಡಕಲಾಗುತ್ತದೆ.

ಏಕೆಂದರೆ ಹುಲ್ಲಿನ ನಾರನ್ನು ಕರಗಿಸುವ ಶಕ್ತಿ ಆಕಳಿಗೆ ಇಲ್ಲವೇ ಇಲ್ಲ. ಆ ಕೆಲಸ ರೂಮೆನ್ ಎಂಬ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳದ್ದು. ಅಲ್ಲಿನ ಒಂದೊಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾಗಳು! ಅವು ನಾರನ್ನು ತಿಂದು ಬೆಳೆಯುತ್ತವೆ, ಮುಂದಿನ ಹೊಟ್ಟೆಗೆ ಜಾರುತ್ತವೆ, ಅಲ್ಲಿ ತಾವೇ ಆಕಳಿಗೆ ಆಹಾರವಾಗುತ್ತವೆ. ಆಕಳಿಗೆ ಸಿಗುವ ಪ್ರೋಟೀನಿನ ಬಹುಪಾಲು ಈ ಜೀವಿಗಳ ಮೈಯದೇ. ಇದನ್ನು ತುದಿ ಮುಟ್ಟಿಸಿ ತೋರಿಸಿದವರು ಫಿನ್‌ಲೆಂಡಿನ ಆರ್ಟುರಿ ವಿರ್ಟಾನೆನ್. ಮೇವು ಕೆಡದಂತೆ ಕಾಯುವ ವಿಧಾನಕ್ಕೆ 1945ರ ನೊಬೆಲ್ ಪಡೆದವರು. ಪ್ರೋಟೀನನ್ನು ಪೂರ್ತಿ ತೆಗೆದುಹಾಕಿದ ಆಹಾರಕ್ಕೆ ಯೂರಿಯಾ, ಅಮೋನಿಯಂ ಲವಣಗಳನ್ನಷ್ಟೇ ಬೆರೆಸಿ ಅವರು ಹಸುಗಳನ್ನು ಸಾಕಿದರು. ಹಸುಗಳು ಹಾಲು ಕೊಟ್ಟವು, ಕರುವನ್ನೂ ಹಾಕಿದವು. 1966ರಲ್ಲಿ ಪ್ರಕಟವಾದ ಆ ಫಲಿತಾಂಶವನ್ನು ಇಂದು ಓದಿದರೂ ಬೆರಗಾಗುತ್ತದೆ: ಗದ್ದೆಗೆ ಎರಚುವ ಬಿಳಿಯ ಹರಳು, ಅದೃಶ್ಯ ಜೀವಿಗಳ ಕೈ ದಾಟಿ ಹಾಲಿನ ಪ್ರೋಟೀನಾಗಿತ್ತು.

ಯೂರಿಯಾ ವಿಷವಲ್ಲವೇ ಎಂಬ ಆಕ್ಷೇಪ ಬಂದೇ ಬರುತ್ತದೆ, ಅದು ಪೊಳ್ಳೂ ಅಲ್ಲ. ಬಾನಿಯ ನೀರಿಗೆ ಸುರಿದರೆ, ಹಸಿದ ದನ ಚೀಲಕ್ಕೇ ಬಾಯಿ ಹಾಕಿದರೆ, ಸೂಕ್ಷ್ಮಜೀವಿಗಳು ಬಳಸುವುದಕ್ಕಿಂತ ಬೇಗ ಅಮೋನಿಯಾ ರಕ್ತಕ್ಕೆ ಸೇರಿ ದನ ಸಾಯುತ್ತದೆ. ಎಳೆಗರುವಿಗಂತೂ ಕೊಡಲೇಬಾರದು, ಅದರ ರೂಮೆನ್ ಇನ್ನೂ ಬಲಿತಿರುವುದಿಲ್ಲ. ಆದರೆ 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರಿನಷ್ಟು ನೀರಿನಲ್ಲಿ ಕರಗಿಸಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ತಾಡಪತ್ರಿ ಹೊದಿಸಿ ಮೂರು ವಾರ ಇಟ್ಟರೆ ಕಥೆಯೇ ಬೇರೆ. ಹುಟ್ಟಿದ ಅಮೋನಿಯಾ ನಾರಿನ ಬಿಗಿಯನ್ನು ಸಡಿಲಿಸುತ್ತದೆ, ಹುಲ್ಲಿನ ಪ್ರೋಟೀನು ಅಂಶ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತೆರೆದು ಘಾಟು ಹೋಗುವವರೆಗೆ ಆರಲು ಬಿಟ್ಟು, ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಬೇಕು. ಇಷ್ಟು ಶಿಸ್ತು ಆಗದು ಎನ್ನುವವರಿಗೆ ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ ಇದ್ದೇ ಇವೆ. ದುಬಾರಿ, ಆದರೆ ಯೂರಿಯಾದಂಥ ಅಪಾಯವಿಲ್ಲ.

ತೌಡು ಹಾಗಾದರೆ ದಂಡವೇ? ಅಲ್ಲ. ಅದರಲ್ಲಿ ಶಕ್ತಿ ಉಂಟು, ರಂಜಕ ಹೇರಳ. ರಂಜಕದ ಕೊರತೆಯಾದ ದನ ಎಲುಬು, ಚಿಂದಿಬಟ್ಟೆ, ಹಳೆಯ ಚರ್ಮ ಅಗಿಯುವುದುಂಟು. ಅದಕ್ಕೆ ದೃಷ್ಟಿ ತಗುಲಿದೆ ಎಂದು ಕೊರಳಿಗೆ ಕರಿದಾರ ಕಟ್ಟುವುದನ್ನು ಇನ್ನಾದರೂ ಬಿಡಬೇಕು. ದಕ್ಷಿಣ ಆಫ್ರಿಕದ ಪಶುವೈದ್ಯ ಅರ್ನಾಲ್ಡ್ ಥೈಲರ್ 1920ರ ಆಸುಪಾಸಿನಲ್ಲೇ, ಎಲುಬು ಅಗಿಯುವ ದನಗಳಿಗೆ ಎಲುಬಿನ ಪುಡಿ ತಿನ್ನಿಸಿ ಆ ಚಟವನ್ನು ನಿಲ್ಲಿಸಿದ್ದರು. ತೌಡಿನ ತೊಡಕು ಎರಡು. ಎಣ್ಣೆ ತೆಗೆಯದ ತೌಡು ಅತಿಯಾದರೆ ಅದರ ಜಿಡ್ಡು ನಾರು ಕರಗಿಸುವ ಸೂಕ್ಷ್ಮಜೀವಿಗಳನ್ನೇ ಹತ್ತಿಕ್ಕುತ್ತದೆ. ಜೊತೆಗೆ ಅದರಲ್ಲಿ ಸುಣ್ಣದ ಅಂಶ ತೀರಾ ಕಡಿಮೆ. ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟು ಇರುವಷ್ಟು ಸುಣ್ಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಾಲು ಕರೆಯುವ ಆಕಳಿಗೆ ತೌಡಿನ ಜೊತೆ ಖನಿಜ ಮಿಶ್ರಣ ಬೇಕೇ ಬೇಕು, ಬರೀ ಉಪ್ಪು ಸಾಲದು.

ಹಿರಿಯರು ಇದ್ಯಾವುದನ್ನೂ ಕೊಡದೆ ದನ ಸಾಕಲಿಲ್ಲವೇ ಎಂದರೆ, ಅವರ ದನ ತಿಂದದ್ದು ಈ ಮೇವನ್ನಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಬರುವ ಮೊದಲು ಇಲ್ಲಿಯದು ಒಣಬೇಸಾಯ. ಜೋಳದ ಕಣಿಕೆಯ ಜೊತೆಗೆ ಕಾಳಿನ ಹೊಟ್ಟು, ಬದುವಿನ ಹುಲ್ಲು. ಕುಷ್ಟಗಿ, ಯಲಬುರ್ಗಾ ಕಡೆಯ ಎರೆ, ಮಸಾರಿ ಹೊಲಗಳಲ್ಲಿ ಇಂದಿಗೂ ಶೇಂಗಾ ಹೊಟ್ಟು, ತೊಗರಿ ಹೊಟ್ಟು ಸಿಗುತ್ತವೆ. ಸಾರಜನಕದಲ್ಲಿ ಶೇಂಗಾ ಹೊಟ್ಟು ಭತ್ತದ ಹುಲ್ಲಿಗಿಂತ ಎಷ್ಟೋ ಮೇಲು. ಅದು ದಂಡಿಯಾಗಿರುವ ಮನೆಯಲ್ಲಿ ಹಿಂಡಿಯ ಖರ್ಚನ್ನು ಇಳಿಸಬಹುದು. ಅದೇ ಲೆಕ್ಕ ಹಿಡಿದು ಕಾರಟಗಿಯಲ್ಲಿ ಹಿಂಡಿ ಕಡಿಮೆ ಮಾಡಿದರೆ ಮರುವಾರವೇ ಹಾಲಿನ ಚರಿಗೆ ಹಗುರಾಗುತ್ತದೆ.