ಬೂಷ್ಟು ಹಿಡಿದ ಕಡಲೆಕಾಯಿ ಮಕ್ಕಳಿಗೆ ಬೇಡ

ಕಡಲೆಕಾಯಿ ಫಸಲು ಕೈಗೆ ಬಂದಾಗ ಗಟ್ಟಿ ಬೀಜ ಮಂಡಿಗೆ ಹೋಗುತ್ತದೆ. ಸುಕ್ಕಿದ್ದು, ಒಡೆದದ್ದು, ಬೂಷ್ಟು ಹಿಡಿದದ್ದು ಮನೆಬಳಕೆಗೆ ಉಳಿಯುತ್ತದೆ. ಚಟ್ನಿಪುಡಿಗೆ, ಮಗುವಿನ ಉಂಡೆಗೆ ಅದೇ ಸೇರುತ್ತದೆ. ರೈತ ಬಾಂಧವರು ಈ ರೂಢಿಯನ್ನು ಬಿಡಲೇಬೇಕು.

ಕಾಳಿನ ಮೇಲೆ ಹಳದಿ ಮಿಶ್ರಿತ ಹಸಿರು ಬಣ್ಣದ ಬೂಷ್ಟು ಬೆಳೆಯುವುದನ್ನು ತಾವು ನೋಡಿರಬಹುದು. ಆಸ್ಪರ್‌ಜಿಲಸ್ ಫ್ಲೇವಸ್ ಎಂಬ ಈ ಶಿಲೀಂಧ್ರವು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪತ್ತಿ ಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಅವು ತಿಂದಿದ್ದ ಕಡಲೆಕಾಯಿ ಹಿಂಡಿಯನ್ನು ಪರೀಕ್ಷಿಸಿದಾಗ ಈ ವಿಷ ಪತ್ತೆಯಾಯಿತು. ಇದರ ಪೆಟ್ಟು ಬೀಳುವುದು ಯಕೃತ್ತಿಗೆ, ಅಂದರೆ ಲಿವರಿಗೆ.

ದೂರದ ಮಾತೇಕೆ? ನಮ್ಮ ಮೈಸೂರಿನಲ್ಲಿಯೇ ಪೌಷ್ಟಿಕ ಆಹಾರವಿಲ್ಲದೆ ಸೊರಗಿದ್ದ ಮಕ್ಕಳಿಗೆ ಮೈ ಹತ್ತಲೆಂದು ಕಡಲೆಕಾಯಿ ಹಿಟ್ಟು ಕೊಡಲಾಗಿತ್ತು. ಆ ಹಿಟ್ಟಿನಲ್ಲಿ ಅಫ್ಲಾಟಾಕ್ಸಿನ್ ಇದ್ದದ್ದು ಆಮೇಲೆ ತಿಳಿಯಿತು. ಆ ಮಕ್ಕಳಲ್ಲಿ ಯಕೃತ್ತು ಊದಿ, ಮುಂದೆ ಗಂಟುಗಟ್ಟುವ ಸಿರೋಸಿಸ್ ಕಾಣಿಸಿಕೊಂಡಿತೆಂದು ಅಲ್ಲಿನ ವೈದ್ಯರು, ವಿಜ್ಞಾನಿಗಳು 1971ರಲ್ಲಿ ವರದಿ ಮಾಡಿದರು. 1974ರಲ್ಲಿ ರಾಜಸ್ಥಾನದ ಬಾನ್ಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ನೆನೆದ ಮುಸುಕಿನ ಜೋಳ ಉಂಡು ನೂರಕ್ಕೂ ಹೆಚ್ಚು ಜನ ಕಾಮಾಲೆಯಿಂದ ಸತ್ತರು. ಮನೆಯ ಅನ್ನ ತಿಂದ ನಾಯಿಗಳೂ ಉಳಿಯಲಿಲ್ಲ.

ಹಾಗೆಂದು ಮಕ್ಕಳ ಲಿವರ್ ಕಾಯಿಲೆಗೆಲ್ಲ ಬೂಷ್ಟೇ ಕಾರಣವಲ್ಲ. ಹಿಂದೆ ಎಳೆಮಕ್ಕಳ ಹೊಟ್ಟೆ ಊದಿ ಪ್ರಾಣ ತೆಗೆಯುತ್ತಿದ್ದ ಸಿರೋಸಿಸ್‌ಗೆ ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲಿಗೆ ಸೇರಿದ ತಾಮ್ರ ಮುಖ್ಯ ಕಾರಣವೆಂದು 1980ರ ದಶಕದ ಅಧ್ಯಯನಗಳು ತೋರಿಸಿದವು. ಸ್ಟೀಲ್ ಪಾತ್ರೆ ಬಂದಂತೆ ಆ ಕಾಯಿಲೆ ಅಪರೂಪವಾಯಿತು. ಬೂಷ್ಟಿನ ವಿಷ ಮಾತ್ರ ಇನ್ನೂ ನಮ್ಮ ಕಣದಲ್ಲಿದೆ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಒಳಗೆ ಹೋದರೂ ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗುತ್ತದೆ. ಹೆಪಟೈಟಿಸ್ ಬಿ ಸೋಂಕು ಇದ್ದವರಿಗಂತೂ ಅಪಾಯ ಹಲವು ಪಟ್ಟು. ಆದ್ದರಿಂದ ಮಗು ಹುಟ್ಟಿದ 24 ಗಂಟೆಯೊಳಗೆ ಅದರ ಲಸಿಕೆ ಹಾಕಿಸಿ.

ವಿಷ ಒಮ್ಮೆ ಸೇರಿತೆಂದರೆ ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ತಡೆಯುವುದು ಹೊಲದಲ್ಲೇ. ಕಾಯಿ ಬಲಿಯುವಾಗ ಮಳೆ ಕೈಕೊಟ್ಟರೆ ಶಿಲೀಂಧ್ರ ನೆಲದೊಳಗೇ ಕಾಯಿಗೆ ಹತ್ತುತ್ತದೆ. ಅನುಕೂಲವಿದ್ದವರು ಆಗ ಒಂದು ನೀರು ಕೊಡಬೇಕು. ಬಲಿತ ಕೂಡಲೇ ಕೀಳಿ, ಕಾಯಿಗೆ ಪೆಟ್ಟಾಗದಿರಲಿ. ಕಿತ್ತ ಗಿಡಗಳನ್ನು ರಾಶಿ ಹಾಕದೆ, ಕಾಯಿ ಮೇಲಾಗುವಂತೆ ಮಗುಚಿ ಬಿಸಿಲಿಗೆ ಒಣಗಿಸಿ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಕಾಯಿ ಗಲಗಲ ಎನ್ನಬೇಕು. ತೇವಾಂಶ ಶೇಕಡಾ 8ಕ್ಕೆ ಇಳಿದ ಮೇಲೆಯೇ ಚೀಲಕ್ಕೆ ತುಂಬಿ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಜೋಡಿಸಿ. ಸುಲಿಯುವಾಗ ಬೀಜ ಒಡೆಯದಿರಲೆಂದು ಕಾಯಿಗೆ ನೀರು ಚಿಮುಕಿಸುವ ಅಭ್ಯಾಸ ಎಷ್ಟು ಹೇಳಿದರೂ ನಿಂತಿಲ್ಲ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಬೇರಿಲ್ಲ.

ಕೆಟ್ಟ ಬೀಜವನ್ನು ಗಾಣಕ್ಕೂ ಹಾಕಬೇಡಿ. ವಿಷದ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಆ ಹಿಂಡಿ ತಿಂದ ಹಸುವಿನ ಹಾಲಿಗೂ ವಿಷ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಆರಿಸಿ ತೆಗೆದದ್ದನ್ನು ಗುಂಡಿ ತೋಡಿ ಹೂಳಿಬಿಡಿ.